ಪಳಗಿದ ಮೀನು

ಸತ್ತಿರಲಿಲ್ಲ. ಬಕೆಟ್ಟಿನ ಅಂಚಿಗೆ ಬೆರಳಿನಿಂದ ತಟ್ಟಿದಾಗ ಬಾಲ ಆಡಿಸಿತು. ಅಷ್ಟು ಸಾಕು. ಅವನು ಚಹಾ ಸೋಸುವ ಜಾಲರಿಯನ್ನು ನೀರಿಗಿಳಿಸಿ ಮೀನನ್ನು ಮೆಲ್ಲಗೆ ಎತ್ತಿ, "ಇವತ್ತೊಂದು ದಿನ ಮರ್ಯಾದೆ ಉಳಿಸಪ್ಪಾ" ಅಂದ. ಅಂದ ಮೇಲೆ ಹಿಂದೆ ತಿರುಗಿ ನೋಡಿದ. ಪ್ರಯೋಗಾಲಯದ ಹಿಂದಿನ ಆ ಇಕ್ಕಟ್ಟು ಕೋಣೆಯಲ್ಲಿ ಕಾಲು ಮುರಿದ ಕುರ್ಚಿಗಳ ಹೊರತು ಯಾರೂ ಇರಲಿಲ್ಲ. ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿಕೊಳ್ಳುವಷ್ಟು ಓದಿದವನು ಮೀನಿನ ಕಾಲು ಹಿಡಿಯುವ ಗತಿಗೆ ಬಂದೆನಲ್ಲ ಎಂದು ನಗು ಬಂತು. ಮೀನಿಗೆ ಕಾಲೇ ಇಲ್ಲ ಎಂಬುದು ನೆನಪಾಗಿ ನಗು ನಿಂತಿತು.

ಕಾರ್ಖಾನೆ ಊರಿನ ಹಸಿ ಕಸದಿಂದ ಎಣ್ಣೆ ತೆಗೆಯುತ್ತದೆ. ಕೊಳೆತ ತರಕಾರಿ, ಹೋಟೆಲುಗಳ ಎಂಜಲು, ಚರಂಡಿಯ ಕೆಸರು ಎಲ್ಲವನ್ನೂ ಉಕ್ಕಿನ ಕೊಳವೆಗಳಲ್ಲಿ ಒತ್ತಡ ಹಾಕಿ ಬೇಯಿಸಿದರೆ ಮೇಲೆ ಎಣ್ಣೆ ತೇಲುತ್ತದೆ, ಲಾರಿ ಓಡಿಸುವಂಥದ್ದು. ಪತ್ರಿಕೆಯವರು ಬರೆಯುವುದು ಅಲ್ಲಿಯವರೆಗಿನ ಕಥೆ. ಅಡಿಯಲ್ಲಿ ಉಳಿಯುವ ನೀರಿನ ಕಥೆ ಯಾರಿಗೂ ಬೇಡ. ಅದು ಎಣ್ಣೆಗಿಂತ ಎಷ್ಟೋ ಪಾಲು ಹೆಚ್ಚು, ಎಣ್ಣೆಗಿಂತ ಕಪ್ಪು. ಎಣ್ಣೆಗೆ ಅಪ್ಪಂದಿರು ಬೇಕಾದಷ್ಟು ಜನ ಇದ್ದರು. ಕರಿನೀರಿಗೆ ಇವನೊಬ್ಬನೇ.

ತೊಟ್ಟಿಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳನ್ನು ಬೆಳೆಸಿ ಅವುಗಳಿಗೆ ಆ ನೀರನ್ನು ಉಣಿಸುವುದು ಅವನ ಕೆಲಸ. ಒಮ್ಮೆಲೇ ಉಣಿಸಿದರೆ ಸಾಯುತ್ತವೆ. ಮೊದಲು ಒಂದು ಸೌಟು, ಆಮೇಲೆ ಒಂದೂವರೆ, ಹೀಗೆ ವಿಷವೇ ಊಟ ಅನ್ನುವವರೆಗೆ ಒಗ್ಗಿಸಬೇಕು. ಕಾರ್ಖಾನೆಯಲ್ಲಿ ಇದಕ್ಕೆ ಪಳಗಿಸುವುದು ಅನ್ನುತ್ತಾರೆ. "ಹುಳ ಪಳಗಿದ್ವಾ ಸಾರ್?" ಎಂದು ಪಂಪಿನವನು ದಿನವೂ ಕೇಳುತ್ತಾನೆ. ಬಣ್ಣ ತಿನ್ನುವಷ್ಟು ಪಳಗಿದ್ದವು. ಬಣ್ಣವಿಲ್ಲದ ವಿಷವನ್ನು ತಿನ್ನಲು ಇನ್ನೂ ಕಲಿತಿರಲಿಲ್ಲ.

ನೀರು ಹೊರಬೀಳುವ ಜಾಗದಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಅದು ಡೈರೆಕ್ಟರರ ತಲೆಯಿಂದ ಹೊರಟದ್ದು. ತಿಳಿಯಾದ ನೀರು ಈ ಗಾಜಿನ ತೊಟ್ಟಿಯ ಮೂಲಕ ಹರಿದು ಹೋಗಬೇಕು, ಅದರಲ್ಲಿ ಮೀನು ಈಜುತ್ತಿರಬೇಕು. "ಅಂಕಿ ಸಂಖ್ಯೆ ಯಾರಿಗೆ ಅರ್ಥ ಆಗುತ್ತೆ ಹೇಳಿ? ಮೀನಾದ್ರೆ ಮಕ್ಕಳಿಗೂ ಅರ್ಥ ಆಗುತ್ತೆ" ಎಂದಿದ್ದರು. ಮೊದಮೊದಲು ಮೀನುಗಳು ಬೆಳಗಾಗುವುದರೊಳಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವನು ಕೆಲಸಕ್ಕೆ ಬರುವ ದಾರಿಯಲ್ಲಿ ಅದೇ ಗಾತ್ರದ, ಅದೇ ಕಿತ್ತಳೆ ಬಣ್ಣದ ಮೀನುಗಳನ್ನು ಕೊಂಡು ತರುತ್ತಿದ್ದ. "ಮಗು ಕಾಳು ಜಾಸ್ತಿ ಹಾಕ್ತಿರಬೇಕು ಸಾರ್, ಸ್ವಲ್ಪ ಗದರಿಸಿ" ಎಂದು ಅಂಗಡಿಯವನು ಬುದ್ಧಿ ಹೇಳಿದ್ದ. ಹುಟ್ಟದ ಮಗುವಿನ ಮೇಲೆ ತಪ್ಪು ಹೊರಿಸಿ ಅವನು ತಲೆಯಾಡಿಸಿದ್ದ.

ಆಮೇಲೆ ಒಂದು ದಿನ ದಾರಿ ಹೊಳೆಯಿತು. ನೀರನ್ನು ಮೀನಿಗೆ ತಕ್ಕಂತೆ ಮಾಡಲಾಗದಿದ್ದರೆ ಮೀನನ್ನು ನೀರಿಗೆ ತಕ್ಕಂತೆ ಮಾಡಬಹುದು. ಹಿಂದಿನ ಕೋಣೆಯಲ್ಲಿ ಬಕೆಟ್ಟಿಟ್ಟು, ಮೀನು ಬಿಟ್ಟು, ಹುಳಗಳಿಗೆ ಮಾಡಿದಂತೆಯೇ ಸೌಟು ಸೌಟಾಗಿ ತೊಟ್ಟಿಯ ನೀರು ಸುರಿಯುತ್ತ ಬಂದ. ಎಷ್ಟೋ ಸತ್ತವು. ಒಂದು ಉಳಿಯಿತು. ಅದರ ಬಣ್ಣ ಮಂಕಾಯಿತು, ಕಣ್ಣಿನ ಸುತ್ತ ಬಿಳಿ ಪೊರೆ ಕಟ್ಟಿತು, ಆದರೆ ಬದುಕಿತು. ಅದನ್ನು ನೋಡಿದಾಗಲೆಲ್ಲ ಅವನಿಗೆ ಹೆಮ್ಮೆಯೂ ಆಗುತ್ತಿತ್ತು, ಹೊಟ್ಟೆಯೂ ತೊಳೆಸುತ್ತಿತ್ತು.

ಹೊಟ್ಟೆ ತೊಳೆಸುವುದು ಈಚೆಗೆ ಅವನ ಮನೆಯ ಭಾಷೆ. ಹೆಂಡತಿ ಬಸುರಿ. ಬೇರೆಯವರಿಗೆ ಒಗ್ಗರಣೆ ವಾಸನೆ ಆಗುವುದಿಲ್ಲವಂತೆ, ಸೋಪಿನ ವಾಸನೆ ಆಗುವುದಿಲ್ಲವಂತೆ. ಇವಳಿಗೆ ಗಂಡನ ವಾಸನೆ ಆಗುವುದಿಲ್ಲ. ಅವನು ಎರಡೆರಡು ಸಲ ಸ್ನಾನ ಮಾಡುತ್ತಾನೆ, ನಿಂಬೆ ಸಿಪ್ಪೆಯಿಂದ ಮೈ ಉಜ್ಜಿಕೊಳ್ಳುತ್ತಾನೆ. ಕೆಲಸದ ಬಟ್ಟೆಯನ್ನು ಬಾಗಿಲ ಹೊರಗೇ ಕಳಚಿ ಅಲ್ಲಿಟ್ಟ ಖಾಲಿ ಬಕೆಟ್ಟಿಗೆ ಹಾಕಿ ಒಳಗೆ ಬರುತ್ತಾನೆ. ಆದರೂ ಅವಳು ಮೂಗು ಮುಚ್ಚಿಕೊಂಡು ಆಚೆ ಕೋಣೆಗೆ ಹೋಗುತ್ತಾಳೆ. ಬಹಳ ದಿನಗಳಿಂದ ಅವರು ಒಂದೇ ಕೋಣೆಯಲ್ಲಿ ಮಲಗಿಲ್ಲ.

ತನ್ನ ಮೈಯಿಂದ ಯಾವ ವಾಸನೆ ಬರುತ್ತದೆ ಎಂಬುದು ಅವನಿಗೇ ಗೊತ್ತಿಲ್ಲ. ಅವನ ಮೂಗು ಸತ್ತು ವರ್ಷಗಳಾಗಿವೆ. ಒಮ್ಮೆ ಕೆಟ್ಟುಹೋದ ಹಾಲನ್ನು ಗಟಗಟ ಕುಡಿದು ಲೋಟ ಕೆಳಗಿಟ್ಟಾಗ ಹೆಂಡತಿ ಬೆಚ್ಚಿಬಿದ್ದು ನೋಡಿದ್ದಳು. ಅವತ್ತೇ ತಿಳಿದದ್ದು. ಕಾರ್ಖಾನೆಯಲ್ಲಿ ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡಿದರೆ ಇವನು ತೊಟ್ಟಿಯ ಪಕ್ಕ ನಿಂತು ಡಬ್ಬಿ ಬಿಚ್ಚಿ ಊಟ ಮಾಡುತ್ತಾನೆ. ಅದಕ್ಕೇ ಅವನಿಗೆ ಮೂಗಪ್ಪ ಎಂದು ಹೆಸರು ಬಿದ್ದಿದೆ. ಮೂಗಿಲ್ಲದವನಿಗೆ ಮೂಗಪ್ಪ. ತಮಾಷೆ ಚೆನ್ನಾಗಿದೆ ಎಂದು ಅವನೂ ನಕ್ಕಿದ್ದ.

ಇವತ್ತು ಬೆಳಿಗ್ಗೆ ಅವಳು ಮೇಜಿನ ಆ ತುದಿಯಲ್ಲಿ ಕೂತು, ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು.

"ಇವತ್ತು ಹೇಳಿಬಿಟ್ಟು ಬನ್ನಿ."

"ಏನಂತ?"

"ಕೆಲಸ ಬಿಡ್ತೀನಿ ಅಂತ. ಇಲ್ಲಾ, ನೀರು ಸರಿಯಾಗಿಲ್ಲ ಅಂತ. ಎರಡರಲ್ಲಿ ಒಂದು. ನನ್ನ ಹತ್ರ ದಿನಾ ಗೊಣಗ್ತೀರಲ್ಲ, ಅದನ್ನ ಅವರ ಹತ್ರ ಹೇಳಿ."

"ನೋಡೋಣ."

"ನೋಡೋಣ ಅಂದ್ರೆ ಇಲ್ಲ ಅಂತ. ಸಂಜೆ ಗಾಡಿಗೆ ಹೇಳಿದೀನಿ. ಅಮ್ಮನ ಮನೆಗೆ ಹೋಗ್ತೀನಿ. ಹೆರಿಗೆ ಆದ್ಮೇಲೂ ಬರ್ತೀನೋ ಇಲ್ವೋ."

"ಸ್ವಲ್ಪ ದಿನ ತಡಿ. ರೂಢಿಯಾಗುತ್ತೆ."

ಅವಳು ಆಗ ತಿರುಗಿ ನೋಡಿದಳು. ಸಿಟ್ಟಿದ್ದರೆ ಅವನು ಸಹಿಸುತ್ತಿದ್ದ. "ಅದೇ ಭಯ ನಂಗೆ" ಎಂದಳು. ಆಮೇಲೆ ಎದ್ದು ಬಟ್ಟೆ ಮಡಚಲು ಹೋದಳು.

ಅವಳ ಅಮ್ಮನ ಮನೆ ಇರುವುದು ಹೊಳೆ ಹರಿದುಹೋಗುವ ಕೆಳಭಾಗದಲ್ಲಿ. ಕಾರ್ಖಾನೆ ಇರುವುದು ಮೇಲ್ಭಾಗದಲ್ಲಿ. ಇಷ್ಟು ದಿನ ತೊಟ್ಟಿಯ ನೀರನ್ನು ಹೊಂಡಗಳಲ್ಲಿ ಕೂಡಿಹಾಕಿದ್ದರು. ಹೊಂಡಗಳು ಕಂಠಪೂರ್ತಿ ತುಂಬಿದ್ದವು. ಇವತ್ತು ಪರಿಸರ ಇಲಾಖೆಯ ತಂಡ ಬಂದು ನೋಡಿ ಒಪ್ಪಿದರೆ ಹೊಳೆಯ ಕಡೆಯ ಗೇಟು ತೆರೆಯಬೇಕು. ಒಪ್ಪದಿದ್ದರೆ ಎಣ್ಣೆಯೂ ನಿಲ್ಲಬೇಕು, ಕಾರ್ಖಾನೆಯೂ ನಿಲ್ಲಬೇಕು. ಇಲಾಖೆ ಪರೀಕ್ಷೆ ಮಾಡಿಸಿದ್ದೆಲ್ಲ ಸರಿಯಾಗಿತ್ತು. ಅವರು ಪರೀಕ್ಷೆ ಮಾಡಿಸದೇ ಇದ್ದದ್ದು ಏನು ಎಂಬುದು ಇವನೊಬ್ಬನಿಗೆ ಗೊತ್ತಿತ್ತು.

ಮೀನನ್ನು ಗಾಜಿನ ತೊಟ್ಟಿಗೆ ಬಿಟ್ಟು ಕೈ ಒರೆಸಿಕೊಳ್ಳುತ್ತಿರುವಾಗ ಡೈರೆಕ್ಟರ್ ಬಂದರು. ಹೊಸ ಶರಟು, ಹೊಸ ಸುಗಂಧ ಇರಬೇಕು. ಅವರು ಹತ್ತಿರ ಬಂದು ನಿಂತ ರೀತಿಯಿಂದಲೇ ಅದನ್ನು ಊಹಿಸಿದ.

"ಏನ್ರೀ, ನೀರು ಹೇಗಿದೆ?"

"ಇನ್ನೂ ಸ್ವಲ್ಪ ಸಮಯ ಬೇಕಿತ್ತು ಸರ್. ಹುಳ ಪೂರ್ತಿ ಪಳಗಿಲ್ಲ."

"ನಿಮ್ಮ ಹುಳ ಪಳಗೋದ್ರೊಳಗೆ ನಾವು ಮುಳುಗಿರ್ತೀವಿ. ಮೀನು ಹೇಗಿದೆ?"

"ಮೀನು ಬದುಕಿದೆ."

"ಅಷ್ಟೇ ಹೇಳಿ. ಸುಳ್ಳು ಹೇಳಿ ಅಂತ ನಾನು ಯಾವತ್ತಾದ್ರೂ ಹೇಳಿದೀನಾ? ಅವರು ಕೇಳಿದಾಗ ಸುಮ್ನೆ ಮೀನಮೇಷ ಎಣಿಸ್ಬೇಡಿ."

ಎಣಿಸುವುದಕ್ಕೆ ಮೇಷವಂತೂ ಇಲ್ಲ, ಮೀನು ಒಂದೇ ಎಂದು ಹೇಳಬೇಕೆನಿಸಿತು. ಇಂಥ ಮಾತುಗಳು ಅವನಿಗೆ ಯಾವಾಗಲೂ ಹೊಳೆಯುತ್ತವೆ. ಎದುರಿನವರು ಹೋದ ಮೇಲೆ ಗೋಡೆಯ ಮುಂದೆ ಹೇಳಿಕೊಳ್ಳುತ್ತಾನೆ.

ಊಟದ ಹೊತ್ತಿಗೆ ಅತ್ತೆಯ ಫೋನು ಬಂತು. ಅವನು ಡಬ್ಬಿಯ ಮುಚ್ಚಳದ ಮೇಲೆ ಚಮಚ ಇಟ್ಟು ಎದ್ದು ನಿಂತ. ಅತ್ತೆಯ ಜೊತೆ ಮಾತಾಡುವಾಗ ಅವನು ಕೂರುವುದಿಲ್ಲ.

"ಊಟ ಆಯ್ತಾ ಅಳಿಯಂದಿರೇ?"

"ಆಗ್ತಾ ಇದೆ ಅತ್ತೆ."

"ಅವಳು ಬರ್ತೀನಿ ಅಂದ್ಲು. ನೀವು ಬೇಜಾರು ಮಾಡ್ಕೋಬೇಡಿ. ಬಸುರಿ ಹೆಂಗಸು, ಒಂದೊಂದು ಸಲ ಗಂಡನ ಮುಖ ಕಂಡ್ರೂ ಆಗಲ್ಲ. ನಂಗೂ ಹಾಗೇ ಆಗಿತ್ತು, ನಿಮ್ಮ ಮಾವ ಮೂರು ತಿಂಗಳು ಜಗಲಿ ಮೇಲೆ ಮಲಗಿದ್ರು."

"ಇಲ್ಲ ಅತ್ತೆ, ಬೇಜಾರಿಲ್ಲ."

"ನಮ್ಮ ಬಾವಿ ನೀರು ನಾಲ್ಕು ದಿನ ಕುಡಿದ್ರೆ ವಾಂತಿಗೀಂತಿ ಎಲ್ಲ ನಿಂತು ಹೋಗುತ್ತೆ ನೋಡಿ. ಹೊಳೆ ಪಕ್ಕದ ಬಾವಿ, ಎಳನೀರಿದ್ದ ಹಾಗೆ."

ಅವನು ಹೂಂ ಅಂದ. ಬಾವಿಗೆ ನೀರಿನ ಒರತೆ ಬರುವುದು ಹೊಳೆಯಿಂದ. ಇದನ್ನು ಹೇಳಲು ಅವನ ಓದಿನ ಅಗತ್ಯವಿಲ್ಲ, ಅತ್ತೆಗೇ ಗೊತ್ತು. ಅತ್ತೆ ಇನ್ನೂ ಏನೋ ಹೇಳುತ್ತಿದ್ದರು. ಅವನಿಗೆ ಭಯವಾಯಿತು. ಬರಿಯ ಭಯ, ಮಕ್ಕಳಿಗೆ ಆಗುವಂಥದ್ದು. ಈಗಲೇ ಹೇಳಿಬಿಡಬೇಕು ಅನ್ನಿಸಿತು. "ಅತ್ತೆ" ಎಂದು ಕರೆದ.

"ಏನು ಹೇಳಿ?"

"ಏನಿಲ್ಲ. ಮಾವನ್ನ ಕೇಳ್ದೆ ಅಂತ ಹೇಳಿ."

ಚಮಚ ಎತ್ತಿಕೊಂಡ. ಅನ್ನಕ್ಕೆ ರುಚಿ ಇರಲಿಲ್ಲ. ಮೂಗು ಹೋದ ಮೇಲೆ ಎಂದೂ ಇರಲಿಲ್ಲ. ಇವತ್ತಷ್ಟೇ ಹೊಸದಾಗಿ ಗೊತ್ತಾದಂತೆ ಡಬ್ಬಿ ಮುಚ್ಚಿಟ್ಟ.

ತಂಡ ಬಂದಾಗ ಬಿಸಿಲು ಇಳಿಯುತ್ತಿತ್ತು. ಎಲ್ಲರೂ ಮೂಗಿಗೆ ಕರವಸ್ತ್ರ ಹಿಡಿದು ನಡೆಯುತ್ತಿದ್ದುದರಿಂದ ಯಾವುದೋ ಅಪಘಾತ ನೋಡಲು ಬಂದವರಂತಿದ್ದರು. ಡೈರೆಕ್ಟರ್ ಮಾತ್ರ ಕರವಸ್ತ್ರ ಹಿಡಿಯದೆ ನಗುತ್ತಲೇ ಇದ್ದರು. ತಂಡದವರು ಎಣ್ಣೆಯ ವಿಭಾಗದಲ್ಲಿ ಬಹಳ ಹೊತ್ತು ನಿಂತರು. ನೀರಿನ ಕಡೆಗೆ ಬಂದಾಗ ಗಡಿಯಾರ ನೋಡಿಕೊಳ್ಳಲು ಶುರುಮಾಡಿದ್ದರು.

ತಂಡದ ಹಿರಿಯರು ಒಬ್ಬ ಹೆಂಗಸು. ತಲೆ ಪೂರ್ತಿ ನೆರೆತಿತ್ತು, ಕಾಲಲ್ಲಿ ದಪ್ಪ ಬೂಟು. ಅವರೊಬ್ಬರೇ ಗಾಜಿನ ತೊಟ್ಟಿಯ ಮುಂದೆ ಬಗ್ಗಿ ನಿಂತರು. ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚಿತು.

"ಸ್ವಲ್ಪ ಮಂಕಾಗಿದೆ ಅಲ್ವಾ ಇದು?"

"ವಯಸ್ಸಾಗಿದೆ ಮೇಡಂ" ಅಂದರು ಡೈರೆಕ್ಟರ್. "ನಮ್ಮಲ್ಲಿ ಮೀನುಗಳು ರಿಟೈರ್ ಆಗೋವರೆಗೂ ಇರ್ತವೆ." ಎಲ್ಲರೂ ನಕ್ಕರು. ಕರವಸ್ತ್ರದೊಳಗಿನ ನಗು ಕೆಮ್ಮಿನಂತೆ ಕೇಳಿಸಿತು.

ಆ ಹೆಂಗಸು ನಗಲಿಲ್ಲ. ಇವನ ಕಡೆ ತಿರುಗಿದರು. "ನೀರು ನೋಡ್ಕೊಳ್ಳೋದು ನೀವೇನಾ?"

"ಹೌದು."

"ಒಂದು ಮಾತು ಕೇಳ್ತೀನಿ, ಪುಸ್ತಕದ್ದಲ್ಲ. ಈ ನೀರು ನಿಮ್ಮ ಮನೆಯವರು ಕುಡಿಯೋ ಹೊಳೆಗೆ ಸೇರಿದ್ರೆ ನಿಮಗೆ ಒಪ್ಪಿಗೆನಾ?"

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಇಲ್ಲ. ಎರಡೇ ಅಕ್ಷರ. ಇವರು ಅದನ್ನೇ ಕೇಳಲು ಬಂದಂತಿದ್ದರು. ಇಷ್ಟು ನೇರವಾಗಿ ಅವನನ್ನು ಯಾರೂ ಏನನ್ನೂ ಕೇಳಿ ಎಷ್ಟೋ ಕಾಲವಾಗಿತ್ತು. ಹೇಳಿದರೆ ಹೆಂಡತಿ ಗಾಡಿಯನ್ನು ವಾಪಸು ಕಳಿಸುತ್ತಾಳೆ. ಬಾವಿ ಬಾವಿಯಾಗಿಯೇ ಉಳಿಯುತ್ತದೆ. ಅವನು ಬಾಯಿ ತೆರೆದ. ಪಂಪಿನವನು ನೋಡುತ್ತಿದ್ದ, ಅವನ ಹಿಂದೆ ಕೆಲಸದವರೆಲ್ಲ ನೋಡುತ್ತಿದ್ದರು. ಅವನು ಬಾಯಿ ಮುಚ್ಚಿದ. ಮತ್ತೆ ತೆರೆದ.

"ನಮ್ಮವರು ಮಾತು ಕಮ್ಮಿ ಮೇಡಂ" ಅಂದರು ಡೈರೆಕ್ಟರ್. "ಇಲ್ಲಿ ಎಲ್ಲರೂ ಇವರನ್ನ ಮೂಗಪ್ಪ ಅಂತಾನೇ ಕರೆಯೋದು."

ಮೂಗ. ಮಾತು ಬಾರದವನು. ಇಷ್ಟು ವರ್ಷ ಅವನು ಅದನ್ನು ಮೂಗಿನ ಲೆಕ್ಕಕ್ಕೆ ಹಾಕಿಕೊಂಡು ನಗುತ್ತ ಬಂದಿದ್ದ. ಯಾರೂ ತಿದ್ದಿರಲಿಲ್ಲ. ಸುತ್ತಲಿನ ಮುಖಗಳನ್ನು ನೋಡಿದ. ಯಾವ ಮುಖದಲ್ಲೂ ಕುಹಕವಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಅದರಲ್ಲಿ ಯಾರಿಗೂ ಸ್ವಾರಸ್ಯ ಉಳಿದಿರಲಿಲ್ಲ.

ತಾನು ಮೂಗನಲ್ಲ ಎಂದು ತೋರಿಸುವುದಕ್ಕೆ ಅವನು ಮಾತಾಡಿದ. ಗಂಟಲಿನಲ್ಲಿ ಸಿದ್ಧವಾಗಿದ್ದದ್ದು ಒಂದೇ ವಾಕ್ಯ.

"ಮೀನು ಬದುಕಿದೆ, ನೋಡಿ."

ಆ ಹೆಂಗಸು ಅವನನ್ನು ಇನ್ನೊಂದು ಕ್ಷಣ ನೋಡಿದರು. ಏನನ್ನೋ ಕಾಯುತ್ತಿದ್ದಂತಿತ್ತು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, "ಸರಿ, ಬದುಕಿದೆ" ಎಂದು ಉಳಿದವರ ಕಡೆ ಹೊರಟರು.

ಗೇಟಿನ ಚಕ್ರ ತುಕ್ಕು ಹಿಡಿದಿತ್ತು. ಒಬ್ಬನಿಂದ ತಿರುಗಲಿಲ್ಲ. "ಬನ್ನಿ, ನೀವೂ ಒಂದು ಕೈ ಹಾಕಿ, ನಿಮ್ಮ ನೀರು" ಎಂದು ಡೈರೆಕ್ಟರ್ ಇವನನ್ನು ಕರೆದರು. ಪಂಪಿನವನ ಪಕ್ಕ ನಿಂತು ಅವನು ಚಕ್ರಕ್ಕೆ ಭುಜ ಕೊಟ್ಟ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಚಕ್ರ ಕಿರುಗುಟ್ಟಿತು, ಗೇಟು ಮೇಲೆದ್ದಿತು, ನೀರು ಒಮ್ಮೆಲೇ ನುಗ್ಗಿ ಚಿಮ್ಮಿ ಅವನ ಶರಟಿನ ಬಲತೋಳನ್ನು ಮೊಣಕೈಯವರೆಗೆ ತೋಯಿಸಿತು. ಜನ ಚಪ್ಪಾಳೆ ತಟ್ಟಿದರು. ನೀರು ತಿಳಿಯಾಗಿತ್ತು. ನೋಡಿದವರಿಗೆ ಬೊಗಸೆಯಲ್ಲಿ ಕುಡಿಯಬೇಕು ಅನ್ನಿಸುವಷ್ಟು ತಿಳಿ. ಕಾಲುವೆಯ ತುದಿಯಲ್ಲಿ ಅದು ಹೊಳೆಯ ನೀರಿನ ಜೊತೆ ಬೆರೆತಾಗ ಎಲ್ಲಿ ಇದು ಮುಗಿದು ಅದು ಶುರುವಾಯಿತು ಎಂದು ಅವನಿಗೂ ಹೇಳಲಾಗಲಿಲ್ಲ.

ಹೊರಡುವ ಮುನ್ನ ಡೈರೆಕ್ಟರ್ ಅವನ ಬೆನ್ನು ತಟ್ಟಿದರು. ಒದ್ದೆ ತೋಳು ತಾಕದಂತೆ ತಟ್ಟಿದರು.

"ಆ ಮೀನನ್ನ ಮನೆಗೆ ತಗೊಂಡ್ಹೋಗಿ. ಅದರ ಕೆಲಸ ಮುಗೀತು. ನಾಳೆಯಿಂದ ಯಾರು ನೋಡ್ತಾರೆ? ನಿಮಗೆ ಮಗು ಆದ್ಮೇಲೆ ಆಡೋಕಾಗುತ್ತೆ."

ಪಂಪಿನವನು ಅದನ್ನು ತೊಟ್ಟಿಯ ನೀರಿನ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಕೊಟ್ಟ. "ಪಳಗಿದ ಮೀನು ಸಾರ್. ಇದಕ್ಕೆ ಸಾವಿಲ್ಲ" ಅಂದ. ಬಸ್ಸಿನಲ್ಲಿ ಎಂದಿನಂತೆ ಅವನ ಪಕ್ಕದ ಸೀಟು ಖಾಲಿ ಉಳಿಯಿತು. ಅವನು ಚೀಲವನ್ನು ಆ ಸೀಟಿನಲ್ಲಿ ಕೂರಿಸಿದ.

ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಒಳಗೆ ಅವಳ ಪೆಟ್ಟಿಗೆ ಇತ್ತು, ಅದರ ಮೇಲೆ ಚಿಕ್ಕ ಚೀಲ. ಅವನು ಹೊರಗೆ ಶರಟು ಕಳಚಿ ಬಕೆಟ್ಟಿಗೆ ಹಾಕಿದ. ಮೀನಿನ ಚೀಲದ ನೀರನ್ನು ಒಳಗೆ ಒಯ್ಯಬಾರದು ಎಂದು ಹೊಳೆಯಿತು. ಅವಳ ಹೊಟ್ಟೆ ತೊಳೆಸುತ್ತದೆ. ಅದನ್ನು ಹೊರಗಿನ ಮೋರಿಗೆ ಬಸಿದ, ಮೀನನ್ನು ಅಂಗೈಯಲ್ಲಿ ಹಿಡಿದು ಒಳಗೆ ಓಡಿದ. ಅಡುಗೆಮನೆಯ ದೊಡ್ಡ ಗಾಜಿನ ಪಾತ್ರೆಗೆ ಫಿಲ್ಟರಿನ ಶುದ್ಧ ನೀರು ತುಂಬಿ ಅದನ್ನು ಬಿಟ್ಟ. ಬನಿಯನ್ನಿನಲ್ಲೇ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟ. ಇಷ್ಟು ಶುದ್ಧವಾದದ್ದನ್ನು ಅವನು ಅವಳಿಗೆ ತಂದುಕೊಟ್ಟು ಬಹಳ ದಿನಗಳಾಗಿದ್ದವು.

ಅವಳು ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ಹೇಳಿದ್ರಾ?"

"ಮೀನು ತಂದಿದೀನಿ."

"ಹೇಳಿದ್ರಾ ಅಂತ ಕೇಳ್ದೆ."

ಅವನು ಪಾತ್ರೆಯನ್ನು ಸ್ವಲ್ಪ ಮುಂದೆ ಸರಿಸಿದ. ಅವಳು ತಲೆಯಾಡಿಸಿದಳು, ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದಳು. ಅಳುತ್ತಿರಲಿಲ್ಲ. ಅವಳು ಅತ್ತಿದ್ದರೆ ಅವನು ಏನಾದರೂ ಹೇಳುತ್ತಿದ್ದನೋ ಏನೋ.

"ಅಮ್ಮನ ಮನೆಗೆ ಹೋಗ್ಬೇಡ."

"ಯಾಕೆ?"

"ಅಲ್ಲಿ ನೀರು..."

"ಅಲ್ಲಿ ನೀರಿಗೇನಾಗಿದೆ? ಅದೇ ನೀರು ಕುಡಿದು ಬೆಳೆದೋಳು ನಾನು."

"ಕಾಯಿಸಿ ಕುಡಿ."

"ಕಾಯಿಸಿದ್ರೆ ಏನು ಹೋಗುತ್ತೆ?"

ಅವಳು ಸುಮ್ಮನೆ ಕೇಳಿದ್ದಳು. ಪ್ರಶ್ನೆ ಮಾತ್ರ ಅವನ ಪರೀಕ್ಷೆಯದಾಗಿತ್ತು. ಅದಕ್ಕೆ ಅವನು ಪುಟಗಟ್ಟಲೆ ಉತ್ತರ ಬರೆಯಬಲ್ಲ. ಕಾಯಿಸಿದರೆ ಏನೂ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ವಿಷ ಉಳಿಯುತ್ತದೆ, ಇನ್ನಷ್ಟು ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಅವಳ ಕಣ್ಣು ಮೇಜಿನ ಕಡೆ ಹೋಯಿತು.

"ಅಯ್ಯೋ, ಅದೇನಾಯ್ತು ನೋಡಿ ಅದಕ್ಕೆ!"

ಪಾತ್ರೆಯಲ್ಲಿ ಮೀನು ಪಕ್ಕಕ್ಕೆ ವಾಲಿತ್ತು. ಒಂದು ಸಲ ಜೋರಾಗಿ ಸುತ್ತಿ ಗಾಜಿಗೆ ಬಡಿದುಕೊಂಡಿತು, ಆಮೇಲೆ ಬೆನ್ನಿನ ಮೇಲೆ ನಡುಗತೊಡಗಿತು. ಕಿವಿರುಗಳು ಹರಿದುಹೋಗುವಂತೆ ತೆರೆದಿದ್ದವು. ಅವನಿಗೆ ತಕ್ಷಣ ಗೊತ್ತಾಯಿತು. ಗೊತ್ತಾದದ್ದಕ್ಕೆ ನಾಚಿಕೆಯಾಯಿತು. ಸೌಟು ಸೌಟಾಗಿ ಒಗ್ಗಿಸಿದ್ದನ್ನು ಬಿಡಿಸುವುದೂ ಸೌಟು ಸೌಟಾಗಿಯೇ. ಪಳಗಿಸುವುದನ್ನೇ ಕಸುಬು ಮಾಡಿಕೊಂಡವನು ಅದನ್ನೇ ಮರೆತಿದ್ದ. ಒಳ್ಳೆಯ ನೀರು ಅದನ್ನು ಕೊಲ್ಲುತ್ತಿತ್ತು.

"ಏನಾದ್ರೂ ಮಾಡ್ರೀ! ಸಾಯ್ತಿದೆ!"

ಅವನು ಹೊರಗೆ ಓಡಿದ. ಬಸಿದ ನೀರು ಮೋರಿಯಲ್ಲಿ ಎಂದೋ ಹರಿದುಹೋಗಿತ್ತು. ಬಕೆಟ್ಟಿನಲ್ಲಿ ಶರಟು ಇತ್ತು. ಬಲತೋಳು ಇನ್ನೂ ತೊಪ್ಪೆಯಾಗಿತ್ತು. ಅದನ್ನು ಹಾಗೇ ಬಾಚಿಕೊಂಡು ಒಳಗೆ ಬಂದ, ಹೊಸ್ತಿಲು ದಾಟಬಾರದ ಬಟ್ಟೆ ಎಂಬುದೂ ನೆನಪಾಗಲಿಲ್ಲ. ಪಾತ್ರೆಯ ಮೇಲೆ ತೋಳನ್ನು ಹಿಡಿದು ಹಿಂಡಿದ. ಅವಳು ಎರಡೂ ಕೈಯಿಂದ ಮೂಗು ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು.

ನೀರು ಹನಿಹನಿಯಾಗಿ ಇಳಿಯಿತು. ಶುದ್ಧ ನೀರಿನೊಳಗೆ ಅದಕ್ಕೆ ಬಣ್ಣವೇ ಇರಲಿಲ್ಲ, ಇಳಿದದ್ದು ಕಾಣಿಸಲೂ ಇಲ್ಲ. ಆದರೆ ಮೀನಿನ ನಡುಕ ನಿಂತಿತು. ಮೆಲ್ಲಗೆ ಮಗುಚಿಕೊಂಡು ನೆಟ್ಟಗಾಯಿತು. ಮಂಜು ಕವಿದ ಕಣ್ಣಿನಿಂದ ಅತ್ತಿತ್ತ ಹುಡುಕಿ, ಮೇಲಕ್ಕೆ ಬಂದು, ನೀರಿಗೆ ತಾಕಿದ್ದ ತೋಳಿನ ಅಂಚಿಗೆ ಬಾಯಿ ಹಚ್ಚಿ ಚೀಪತೊಡಗಿತು.

ಅವಳು ಅದನ್ನು ನೋಡಿದಳು. ತೋಳನ್ನು ನೋಡಿದಳು. ಆಮೇಲೆ ತನ್ನ ಪೆಟ್ಟಿಗೆಯನ್ನು ನೋಡಿದಳು. ಮುಚ್ಚಿದ ಕೈಗಳ ಹಿಂದಿನಿಂದ ಅವಳ ದನಿ ಬಹಳ ದೂರದಿಂದ ಬಂದಂತಿತ್ತು.

"ಇದೇ ನೀರಾ ಹೊಳೆಗೆ ಬಿಟ್ಟಿದ್ದು?"

ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಅವಳ ಒಂದು ಕೈ ಮೂಗಿನಿಂದ ಇಳಿದು ಹೊಟ್ಟೆಯ ಮೇಲೆ ಬಂತು. ಅವನು ಉತ್ತರಿಸಬೇಕೆಂದು ತಲೆಯೆತ್ತಿದಾಗ ತೋಳು ನೀರಿನಿಂದ ಒಂದಿಷ್ಟು ಮೇಲೆ ಬಂತು, ಮೀನು ಮತ್ತೆ ವಾಲಿತು. ಅವನು ಬೇಗ ತೋಳನ್ನು ಒಳಗಿಳಿಸಿದ. ಗಾಡಿಯವನು ಇನ್ನೊಮ್ಮೆ ಹಾರ್ನ್ ಹೊಡೆದ. ಅವನು ಬಗ್ಗಿ ನಿಂತು ಶರಟಿನ ತೋಳನ್ನು ಹಿಂಡುತ್ತಲೇ ಇದ್ದ, ಮೀನು ಚೀಪುತ್ತಲೇ ಇತ್ತು.